ಬೊಟ್ಟಿಟ್ಟುಕೊಂಡ ಕೀಲಿಮಣೆ

ನಮ್ಮ ಮನೆಯ ಕಂಪ್ಯೂಟರಿನ ಕೀಲಿಮಣೆಯಲ್ಲಿ ಎರಡು ಎಂಬ ಅಂಕಿಯ ಗುಂಡಿಗೆ ಕುಂಕುಮದ ಬೊಟ್ಟೊಂದು ಅಂಟಿಕೊಂಡಿದೆ. ಆಯುಧಪೂಜೆಯ ದಿನ ತೆಲುಗು ಸೀಮೆಯ ನಮ್ಮ ಆದೋನಿಯಲ್ಲಿ ಕತ್ತರಿಯಿಂದ ಸ್ಕೂಟರಿನವರೆಗೆ ಯಾವುದೂ ಬರಿಹಣೆಯಲ್ಲಿ ಇರಕೂಡದಷ್ಟೆ. ಬೊಟ್ಟಿಗೆ ಮೊದಲು ಅಭ್ಯಂಜನವೂ ಆಗಬೇಕೆಂಬುದು ನನ್ನ ಹೆಂಡತಿಯ ಸ್ವಂತ ಶಾಸ್ತ್ರ. ಹೋದ ವರ್ಷ ಅವಳು ಗುಂಡಿಗಳನ್ನೆಲ್ಲ ಕಿತ್ತು, ಸೀಗೆಕಾಯಿ ನೀರಿನಲ್ಲಿ ತೊಳೆದು, ಬಿಸಿಲಿಗೆ ಹರವಿದಾಗ ಅಂಗಳದಲ್ಲಿ ಇಂಗ್ಲಿಷ್ ವರ್ಣಮಾಲೆ ಸಂಡಿಗೆಯಂತೆ ಒಣಗುತ್ತಿತ್ತು.

ದಿನವೂ ಬೆಳಿಗ್ಗೆ ಅವಳು ಈ ಯಂತ್ರದೆದುರು ಕುಳಿತು, ಸುತ್ತಲಿನ ಗೋನೆಗಂಡ್ಲ, ದೇವನಕೊಂಡಗಳ ಸೊಸೆಯಂದಿರಿಗೆ, ತೆಲುಗು ಶಾಲೆಯಲ್ಲಿ ಓದಿ ಕನ್ನಡದ ಮನೆ ಸೇರಿದವರಿಗೆ, ಅತ್ತೆಯರ ಹಾಡುಗಳನ್ನು ಆನ್‌ಲೈನಿನಲ್ಲಿ ಕಲಿಸುತ್ತಾಳೆ. ಅವಳ ದಿನದಲ್ಲಿ ಅವಳಿಗಾಗಿಯೇ ಇರುವ ಹೊತ್ತು ಅದೊಂದೇ. ಹೋದ ವರ್ಷ ಹಬ್ಬದ ಮರುದಿನ ಯಂತ್ರ ಅವಳ ಪಾಠದ ಪಾಸ್‌ವರ್ಡನ್ನು ಒಪ್ಪಲಿಲ್ಲ. ಬೇರೊಂದು ಪುಟದಲ್ಲಿ ಒತ್ತಿ ನೋಡಿದರೆ, ಪಾಸ್‌ವರ್ಡಿನ ನಡುವಿನ, ಎರಡರ ಗುಂಡಿಯ ಮೇಲಿರುವ @ ಒತ್ತಿದಲ್ಲಿ ಉದ್ಧರಣ ಚಿಹ್ನೆ ಬರುತ್ತಿತ್ತು. ಉದ್ಧರಣ ಚಿಹ್ನೆ ಒತ್ತಿದರೆ @.

“ನಾನೇ ಗುಂಡಿ ತಪ್ಪಿ ಕೂಡಿಸೀನಿ. ಇನ್ನ ಇದನ್ನ ಮುಟ್ಟಂಗಿಲ್ಲ. ಪಾಠ ಮುಗೀತು ಅಂತ ಅವರಿಗೆ ಹೇಳಿಬಿಡ್ರಿ,” ಅಂದಳು. ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು.

ಸಂಕಟ ಬಂದಾಗ ಏನಾದರೂ ಕೀಳುವುದು ಪುರುಷಸ್ವಭಾವ. ಚಮಚದಿಂದ ಆ ಎರಡು ಗುಂಡಿಗಳನ್ನು ಮೀಟಿ ಅದಲುಬದಲು ಮಾಡಿದೆ. @ ಸರಿಹೋಯಿತು, ಆದರೆ ಅಂಕಿ ಎರಡನ್ನು ಒತ್ತಿದರೆ ಎರಡು ಬರದಾಯಿತು. ದೂರ ನಿಂತಿದ್ದವಳು ಹತ್ತಿರ ಬಂದಳು.

“ಅಂದ್ರ ಮೊದಲು ಎರಡು ಸರಿ ಇತ್ತಲ್ರಿ? ನಾ ತಪ್ಪಿ ಕೂಡಿಸಿದ್ರ ಅಂಕಿನೂ ತಪ್ಪಬೇಕಿತ್ತು. ಮೂರರ ಮ್ಯಾಲಿನ ಗುರುತು ಒತ್ರಿ, ನೋಡೋಣು.”

ಒತ್ತಿದೆ. ಪೌಂಡಿನ ಚಿಹ್ನೆ £ ಬಂತು.

“ಹತ್ತಿ ಮಾರೋ ಊರಾಗ ಇದೆಲ್ಲಿಂದ ಬಂತು?”

ಎಲ್ಲಿಂದ ಬಂತೆಂಬುದು ನನಗೆ ಥಟ್ಟನೆ ಹೊಳೆಯಿತು. ಇಂಗ್ಲಿಷ್ ಮೇಷ್ಟರಾಗಿ ನಿವೃತ್ತನಾದ ನಾನು, ಇಂಗ್ಲಿಷೆಂದರೆ ಇಂಗ್ಲೆಂಡಿನದೇ ಶುದ್ಧವೆಂಬ ಅಭಿಮಾನದಿಂದ, ಹಬ್ಬದ ಹಿಂದಿನ ದಿನವಷ್ಟೇ ಭಾಷೆಯ ಸೆಟ್ಟಿಂಗಿನಲ್ಲಿ ಆ ದೇಶವನ್ನು ಆರಿಸಿದ್ದೆ; ಅಲ್ಲಿನ ಕೀಲಿಮಣೆಯಲ್ಲಿ ಈ ಚಿಹ್ನೆಗಳ ಸ್ಥಾನವೇ ಬೇರೆ. ಗುಂಡಿಗಳನ್ನು ಸ್ವಸ್ಥಾನಕ್ಕೆ ಸೇರಿಸಿ, ಇಂಗ್ಲೆಂಡನ್ನು ತೆಗೆದು ಇಂಡಿಯಾ ಹಾಕಿದೆ. ಎಲ್ಲವೂ ಮೊದಲಿನಂತಾಯಿತು.

ನೋಡಿ, ಆದೋನಿಯವರಿಗೆ ಇದು ಹೊಸ ವಿದ್ಯೆಯೇನಲ್ಲ. ಪಡಸಾಲೆಯಲ್ಲಿ ಕನ್ನಡ, ತರಕಾರಿ ಗಾಡಿಯೆದುರು ತೆಲುಗು, ಆಟೋದಲ್ಲಿ ದಖನಿ ಉರ್ದು. ಹೊಸ್ತಿಲು ದಾಟುವಷ್ಟರಲ್ಲಿ ನಾಲಿಗೆಯ ಸೆಟ್ಟಿಂಗು ತಾನಾಗಿ ಬದಲಾಗುತ್ತದೆ. ಎಂದಾದರೂ ತಪ್ಪಿ ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಯಾರೂ ಹಲ್ಲು ಕಿತ್ತು ಜಾಗ ಬದಲಿಸಿ ನೋಡುವುದಿಲ್ಲ. ಮನೆಯ ಯಂತ್ರದ ವಿಷಯದಲ್ಲಿ ಮಾತ್ರ ಈ ವಿವೇಕ ನನಗೆ ತಡವಾಗಿ ಬಂತು, ಬಂದದ್ದೂ ಹೆಂಡತಿಯ ಮೂಲಕ.

ಈ ವರ್ಷ ಸ್ನಾನ ಬೇಡ, ಬೊಟ್ಟಷ್ಟೇ ಸಾಕೆಂದು ಸೂಚಿಸಿ ನೋಡಿದೆ.

“ಹೊರಗಿಂದು ನಾ ತೊಳಕೋತೀನಿ. ನೀವು ಒಳಗಿಂದು ಮುಟ್ಟಬ್ಯಾಡ್ರಿ, ಅಷ್ಟ ಸಾಕು.”

ಅಂಗಳದಲ್ಲಿ ಮತ್ತೆ ವರ್ಣಮಾಲೆ ಒಣಗಿತು. ಪೂಜೆ ಮುಗಿಸಿ ಅವಳು ಎರಡರ ಗುಂಡಿಗೆ ಹೊಸ ಬೊಟ್ಟಿಟ್ಟಳು. ಬೆರಳಲ್ಲಿ ಉಳಿದ ಕುಂಕುಮವನ್ನು ನನ್ನ ಹಣೆಗೆ ಒರೆಸಿದಳು. ಮರುದಿನ ಬೆಳಿಗ್ಗೆ ಪಾಸ್‌ವರ್ಡ್ ಒತ್ತಿದಳು, ದೇವನಕೊಂಡದಿಂದ ಹಾಡು ಶುರುವಾಯಿತು.