ಅತ್ತೆಯ ಬೆರಳಿನ ಮೃತ್ತಿಕೆ

ನಮ್ಮ ಘಾಟ್ಕೋಪರ್ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಗ್ರಿಲ್ಲಿನ ಒಳಗೆ, ಒಂದು ತುಳಸಿ ಇದೆ. ಅತ್ತೆ ಉಡುಪಿ ಕಡೆಯಿಂದ ಇಲ್ಲಿಗೆ ಬರುವಾಗ ಬಿಸ್ಕಿಟ್ ಡಬ್ಬಿಯಲ್ಲಿ ಮಣ್ಣಿನ ಸಮೇತ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಆಮೇಲೆ ಗಿಡ ಎಷ್ಟೋ ಸಲ ಒಣಗಿತು, ಬಿದ್ದ ಬೀಜದಿಂದ ಮತ್ತೆ ಹುಟ್ಟಿತು. ಮಣ್ಣು ಮಾತ್ರ ಅದೇ. ಮೇಲಿನ ಮನೆಯವರ ಎಸಿ ನೀರು ತೊಟ್ಟಿಕ್ಕಿ ಕುಂಡದ ಒಂದು ಬದಿಗೆ ಹಸಿರು ಪಾಚಿ ಕಟ್ಟಿದೆ. ಆ ನೀರಿಗಾಗಿ ನಾನು ಮೇಲಿನವರನ್ನು ಕಂಡಾಗಲೆಲ್ಲ ಮುಖ ಗಂಟು ಹಾಕಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಸ್ನಾನವಾದ ಮೇಲೆ ಅತ್ತೆ ತುಳಸಿಗೆ ನೀರೆರೆದು, ಸುತ್ತು ಬರಲು ಜಾಗವಿಲ್ಲದ ಕಾರಣ ನಿಂತಲ್ಲೇ ಸುತ್ತಿ, ಬುಡದ ಹಸಿ ಮಣ್ಣನ್ನು ಬೆರಳ ತುದಿಯಲ್ಲಿ ತೆಗೆದು ಹಣೆಗೆ ಇಟ್ಟುಕೊಳ್ಳುತ್ತಾರೆ. ಅದೇ ಮೃತ್ತಿಕೆ. ನನ್ನ ಹಣೆಗೂ ಒಂದು ಬೊಟ್ಟು. ಅದು ತಣ್ಣಗೆ ತಾಗಿದರೆ ನನಗೆ ದಿನ ಶುರುವಾದಂತೆ. ಉಳಿದಂತೆ ಆ ಬುಡಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಒಂದು ವಿಷಯ ಹಿಡಿದಳು, ಮಣ್ಣಿನಲ್ಲಿ ಬದುಕುವ ಚಿಪ್ಪಿನ ಅಮೀಬಾ. ಅಮೀಬಾ ಎಂದರೆ ಶಾಲೆಯಲ್ಲಿ ನಾವೂ ಚಿತ್ರ ಬರೆದದ್ದೇ, ಕಾವಲಿಯಿಂದ ಹೊರಗೆ ಚೆಲ್ಲಿದ ದೋಸೆಹಿಟ್ಟಿನ ಹಾಗೆ ಆಕಾರವಿಲ್ಲದ ಜೀವ. ಆದರೆ ಇವುಗಳಿಗೆ ಮನೆ ಇದೆ. ಕೆಲವು ಮರಳಿನ ಕಣಗಳನ್ನು ಅಂಟಿಸಿ ಚಿಪ್ಪು ಕಟ್ಟಿಕೊಳ್ಳುತ್ತವೆ, ಕೆಲವು ಹೆಂಚಿನಂಥ ಬಿಲ್ಲೆಗಳನ್ನು ತಮ್ಮ ಮೈಯೊಳಗೇ ಮಾಡಿಕೊಳ್ಳುತ್ತವೆ. ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಅದಕ್ಕೆಂದು ಕಾಲೇಜಿನ ಹಳೆಯ ಮೈಕ್ರೋಸ್ಕೋಪನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟಳು. ಮಣ್ಣು ಸೋಸಲು ನನ್ನ ಚಹಾದ ಜಾಲರಿಯೂ ಅವಳ ಪಾಲಾಯಿತು.

"ಇವತ್ತು ಚಹಾದಲ್ಲಿ ಅಮೀಬಾ ಸ್ವಲ್ಪ ಕಡಿಮೆ ಆಯ್ತಲ್ಲ?" ಎಂದು ನಮ್ಮ ಯಜಮಾನರು ಲೋಟ ಎತ್ತಿ ನೋಡುತ್ತಿದ್ದರು.

ಬಿಲ್ಡಿಂಗಿನ ತೋಟದ ಮಣ್ಣು, ಸ್ಟೇಷನ್ ರಸ್ತೆಯ ಮರದ ಬುಡದ ಮಣ್ಣು, ನರ್ಸರಿಯ ಚೀಲದ ಮಣ್ಣು, ಎಲ್ಲವನ್ನೂ ತಂದು ನೋಡಿದಳು. ಸಿಕ್ಕಿದ್ದೆಲ್ಲ ಖಾಲಿ ಚಿಪ್ಪು. ಜೀವ ಹೋದರೂ ಚಿಪ್ಪು ಬಹಳ ಕಾಲ ಉಳಿಯುತ್ತದಂತೆ.

"ಎಲ್ಲಾ ಖಾಲಿ ಮನೆ, ಮಮ್ಮಿ. ಟು ಲೆಟ್ ಬೋರ್ಡ್ ಹಾಕ್ಬೇಕು ಅಷ್ಟೇ," ಎಂದು ನಕ್ಕಳು. ಆದರೆ ಊಟದಲ್ಲಿ ಕೈಯಾಡಿಸುತ್ತ ಕೂತಿದ್ದಳು. ಸೋಮವಾರ ಜೀವಂತ ಒಂದನ್ನಾದರೂ ತೋರಿಸದಿದ್ದರೆ ವಿಷಯ ಬದಲಾಯಿಸು ಎಂದು ಅವಳ ಮೇಡಂ ಹೇಳಿದ್ದರು. ಎಲ್ಲರೂ ಬೇಡವೆಂದ ವಿಷಯವನ್ನು ಹಟ ಮಾಡಿ ಹಿಡಿದವಳು ಅವಳು.

ಶನಿವಾರ ಸಂಜೆ ಅವಳ ಕಣ್ಣು ತುಳಸಿಕುಂಡದ ಪಾಚಿಯ ಮೇಲೆ ಬಿತ್ತು. ಈ ಜೀವಗಳಿಗೆ ಸದಾ ತೇವವಿರುವ ಪಾಚಿ, ಕದಡದ ಹಳೆಯ ಮಣ್ಣು ಬಹಳ ಇಷ್ಟವಂತೆ.

"ಅಜ್ಜಿ, ಸಿರ್ಫ್ ಒಂದು ಸ್ಪೂನ್. ಪ್ಲೀಸ್."

"ತುಳಸಿ ಬುಡಕ್ಕೆ ಚಮಚ ಹಾಕ್ಲಿಕ್ಕುಂಟಾ? ಅದೆಂತ ಉಪ್ಪಿನಕಾಯಿ ಭರಣಿಯಾ?"

"ಸೈನ್ಸ್‌ಗೋಸ್ಕರ, ಅಜ್ಜಿ!"

"ಸೈನ್ಸಿಗೆ ಊರಿಡೀ ಮಣ್ಣುಂಟು. ನನಗೆ ಇಷ್ಟೇ ಇರುವುದು."

ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಲಸಂಡೆ ಮುರಿಯುತ್ತ ಕೂತೆ. ಅತ್ತೆಯ ಮಾತಿನಲ್ಲೂ ತಪ್ಪಿಲ್ಲ, ಮಗಳ ಆಸೆಯಲ್ಲೂ ತಪ್ಪಿಲ್ಲ. ಇಂಥಲ್ಲಿ ನಾನು ಬಾಯಿ ಹಾಕುವುದಿಲ್ಲ, ದೀಪ ಹಚ್ಚುವಾಗ ದೇವರ ಕಿವಿಗೆ ಹಾಕುತ್ತೇನೆ.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಹಣೆಗೆ ಬೊಟ್ಟಿಟ್ಟು, "ಅವಳನ್ನು ಎಬ್ಬಿಸು. ಮಿಂದು ಬರ್ಲಿ," ಎಂದರು.

"ಯಾಕೆ ಅತ್ತೆ?"

"ಚಮಚ ಬೇಡ ಅಂದೆ. ಮೃತ್ತಿಕೆ ಕೊಡುದಿಲ್ಲ ಅಂದೆನಾ? ಕೇಳುವ ಕ್ರಮ ಬೇಡ್ವಾ?"

ಭಾನುವಾರ ಬೆಳ್ಳಂಬೆಳಿಗ್ಗೆ ಮಗಳು ಸ್ನಾನ ಮಾಡಿದ್ದನ್ನು ನೋಡಿದ ಪುಣ್ಯವೇ ನನಗೆ ಸಾಕಾಗಿತ್ತು. ಒದ್ದೆ ಕೂದಲಲ್ಲಿ ಅಜ್ಜಿಯ ಹಾಗೆ ನಿಂತಲ್ಲೇ ಸುತ್ತಿ, ಗಾಜಿನ ಪುಟ್ಟ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಅತ್ತೆ ಬುಡದಿಂದ ಒಂದು ಬೆರಳು, ಪಾಚಿಯ ಬದಿಯಿಂದ ಒಂದು ಬೆರಳು ಮಣ್ಣು ತೆಗೆದು ಪ್ರಸಾದ ಕೊಟ್ಟ ಹಾಗೆ ಕೊಟ್ಟರು.

ಮಣ್ಣನ್ನು ನೀರಿನಲ್ಲಿ ಅಲುಗಿಸಿ, ಕೆಳಗೆ ಕೂರಲು ಬಿಟ್ಟು, ಊಟವಾದ ಮೇಲೆ ಹನಿ ಹನಿಯಾಗಿ ನೋಡತೊಡಗಿದಳು. ಮೊದಲ ಹನಿಯಲ್ಲಿ ಖಾಲಿ ಚಿಪ್ಪು. ಮುಂದಿನದರಲ್ಲೂ ಅದೇ. ನಾನು ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಕೂಗು ಕೇಳಿತು.

"ಮಮ್ಮಿ! ಚಲ್ ರಹಾ ಹೈ! ನಡೀತಾ ಇದೆ!"

ಸೆರಗಿಗೆ ಕೈ ಒರೆಸಿಕೊಂಡು ಕಣ್ಣಿಟ್ಟೆ. ಕಂದು ಬಣ್ಣದ ಒಂದು ಗಡಿಗೆ ಮಗುಚಿ ಮಲಗಿತ್ತು. ಅದರ ಬಾಯಿಂದ ನೀರಿನಷ್ಟೇ ತಿಳಿಯಾದ ಒಂದು ಬೆರಳು ಹೊರಗೆ ಬಂತು, ಸುತ್ತಮುತ್ತ ತಡವಿತು, ಆಮೇಲೆ ಗಡಿಗೆಯನ್ನೇ ನಿಧಾನಕ್ಕೆ ಎಳೆದುಕೊಂಡಿತು. ಹನಿ ಬದಲಾಯಿಸಿದರೆ ಬೇರೆ ರೂಪ. ಚಪ್ಪಲಿಯಂಥದ್ದೊಂದು, ನಡುವೆ ತೂತಿರುವ ಉದ್ದಿನ ವಡೆಯಂಥದ್ದೊಂದು. ಪಾಚಿಯಲ್ಲಿ ಇರುವವು ಬೇರೆ, ಬುಡದ ಮಣ್ಣಿನವು ಬೇರೆ ಎಂದು ಮಗಳು ತೋರಿಸಿದಳು. ಒಣಗಿದರೆ ಅವು ಒಳಗೆ ಮುದುಡಿಕೊಂಡು ಬಾಯಿ ಮುಚ್ಚಿಕೊಳ್ಳುತ್ತವೆ, ನೀರು ತಾಗಿದಾಗ ಮತ್ತೆ ತೆರೆಯುತ್ತವೆ.

"ಅಜ್ಜಿಯ ಡಬ್ಬಿಯಲ್ಲಿ ಊರಿಂದಲೇ ಬಂದವಾ?" ಎಂದು ಕೇಳಿದೆ.

"ಹೇಳ್ಲಿಕ್ಕೆ ಆಗಲ್ಲ, ಮಮ್ಮಿ. ಗಾಳಿಯಲ್ಲೂ ಬರ್ತಾವೆ."

ಅತ್ತೆ ಕನ್ನಡಕ ತೆಗೆದು ಬಗ್ಗಿದರು. ಮೊದಲಿಗೆ ತಮ್ಮ ರೆಪ್ಪೆಯನ್ನೇ ನೋಡಿ, "ಕರಿ ಕಡ್ಡಿ ಉಂಟಷ್ಟೇ," ಎಂದರು. ಮಗಳು ತಿರುಪು ತಿರುಗಿಸಿಕೊಟ್ಟ ಮೇಲೆ ಇನ್ನಷ್ಟು ಬಗ್ಗಿದರು.

"ಸಾಲಿಗ್ರಾಮದ ಹಾಗೆ ಉಂಟಲ್ಲ ಮಾರಾಯ್ತಿ. ನಡಿಯುವ ಸಾಲಿಗ್ರಾಮ." ತಲೆ ಎತ್ತಿದವರ ಕೈ ಹಣೆಗೆ ಹೋಯಿತು. "ಇಷ್ಟು ವರ್ಷ ಇವನ್ನೇ ಇಲ್ಲಿ ಒಣಗಿಸಿದ್ದಾ ನಾನು?"

ಇನ್ನು ಮೃತ್ತಿಕೆಯನ್ನೇ ಬಿಟ್ಟುಬಿಡುತ್ತಾರೇನೋ ಎಂದು ನನಗೆ ಅಳುಕಾಯಿತು.

ಸೋಮವಾರ ಮಗಳು ಗಾಜಿನ ತಟ್ಟೆಯನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಲೋಕಲ್‌ನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಹೋದಳು. ಕೂರಲು ಜಾಗ ಸಿಕ್ಕಿತ್ತಂತೆ, ಅದೂ ಆ ಹೊತ್ತಿನ ಗಾಡಿಯಲ್ಲಿ. ಮಧ್ಯಾಹ್ನ ಫೋನ್ ಬಂತು. "ಮೇಡಂ ನೋಡಿದ್ರು. ಟಾಪಿಕ್ ನನ್ನದೇ. ಆದ್ರೆ ಮಳೆಗಾಲ ಮುಗಿಯೋವರೆಗೂ ದಿನಾ ಸ್ಯಾಂಪಲ್ ಬೇಕು. ಅಜ್ಜಿಗೆ ಹೇಳು."

"ಅವಳೇ ಮಿಂದು ಬಂದು ಕೇಳ್ಲಿ," ಎಂದರು ಅತ್ತೆ.

ಮಂಗಳವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ನಾವು ಮೂವರೂ ಒತ್ತಾಗಿ ನಿಂತಿದ್ದೆವು. ಅತ್ತೆ ತಮ್ಮ ಹಣೆಗೆ ಒಂದು ಬೊಟ್ಟಿಟ್ಟುಕೊಂಡರು, ಮೊದಲಿಗಿಂತ ಸಣ್ಣದು. ನನಗೊಂದು. ಮಗಳ ತಟ್ಟೆಗೆ ಎರಡು ಬೆರಳು. ಆಮೇಲೆ, ಎಂದೂ ಮಾಡದ ಹಾಗೆ, ಬೆರಳನ್ನು ಸೆರಗಿಗೆ ಒರೆಸದೆ ತಂಬಿಗೆಯ ನೀರಲ್ಲಿ ತೊಳೆದು, ಆ ನೀರನ್ನು ತುಳಸಿಯ ಬುಡಕ್ಕೇ ಎರೆದರು.

"ಹೋಗಿ, ಮನೆಗೆ ಹೋಗಿ ಮಾರಾಯ್ರೆ," ಎಂದರು ಬುಡದ ಮಣ್ಣಿನ ಕಡೆ ಬಗ್ಗಿ.

ಮೇಲಿನ ಮನೆಯ ಎಸಿಯಿಂದ ಒಂದು ಹನಿ ಪಾಚಿಯ ಮೇಲೆ ಬಿತ್ತು. ಬೀಳಲಿ ಎಂದುಕೊಂಡು ಚಹಾಕ್ಕೆ ಇಡಲು ಒಳಗೆ ಹೋದೆ.