ಬಚ್ಚಲೊಲೆಯ ಮೇಲಿನ ಸೀಟಿ

ಸೀಟಿಗೆ ಹೊಗೆಯ ವಾಸನೆ ಇತ್ತು. ಮೂಗಿನ ಹತ್ತಿರ ಹಿಡಿದ ಕೂಡಲೇ ಗೊತ್ತಾಯಿತು, ಹಳೇ ಕಾಫಿ ಗಿಡದ ಬೊಡ್ಡೆ ಉರಿಸಿ ನೀರು ಕಾಯಿಸುವ ಬಚ್ಚಲೊಲೆಯ ಹೊಗೆ ಅದು. ಒಂದು ಕಾಲದಲ್ಲಿ ಫಳಫಳ ಅನ್ನುತ್ತಿದ್ದ ಹಿತ್ತಾಳೆ ಸೀಟಿ ಮಸಿ ಹಿಡಿದು ಇದ್ದಿಲಿನ ಬಣ್ಣವಾಗಿತ್ತು. ದಾರ ಮಾತ್ರ ಅದೇ... ಹಳೇ ಬೂಟಿನಿಂದ ಬಿಚ್ಚಿದ ಲೇಸು.

ತಂದುಕೊಟ್ಟವಳು ನಮ್ಮ ಡ್ರಿಲ್ ಮೇಷ್ಟ್ರ ಮಗಳು. ಮೂಡಿಗೆರೆಯಲ್ಲಿರುವ ಅವರ ಮನೆಯ ಬಚ್ಚಲು ಒಡೆಸಿ ಗೀಸರ್ ಹಾಕಿಸುತ್ತಿದ್ದಾಳೆ. ಒಲೆಯ ಮೇಲಿನ ತಂತಿಯಲ್ಲಿ ಇದು ನೇತಾಡುತ್ತಿತ್ತಂತೆ. “ಅಣ್ಣ, ಅಪ್ಪಂದು ಇದು. ನಿಮ್ಗೇ ಕೊಡ್ಬೇಕು ಅನ್ನಿಸ್ತು,” ಅಂದಳು. ಒಲೆ ಮೇಲೆ ಯಾಕಿತ್ತು ಅಂತ ಕೇಳಿದೆ. ಅದಕ್ಕೆ ಅವಳು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೇಷ್ಟ್ರ ವಿಷಯ ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

ಮೇಷ್ಟ್ರು ಬಯಲುಸೀಮೆಯಿಂದ ವರ್ಗವಾಗಿ ನಮ್ಮ ಹೈಸ್ಕೂಲಿಗೆ ಬಂದವರು. ಸಣಕಲು ದೇಹ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ. ಬಂದ ವರ್ಷ ನಮ್ಮ ಮಳೆ ನೋಡಿ “ಇದೇನ್ರೋ, ಮೇಲೆ ಯಾರೋ ಹಂಡೆ ಮಗುಚಿ ಹಾಕ್ದಂಗೆ!” ಅಂದಿದ್ದರು. ಆದರೂ ಮಳೆಗಾಲದಲ್ಲೇ ಫುಟ್‌ಬಾಲು ಆಡಿಸುತ್ತಿದ್ದರು. ಸುಣ್ಣದ ಗೆರೆ ಹತ್ತು ನಿಮಿಷ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೆ ಗುದ್ದಲಿ ತರಿಸಿ ಗೆರೆಯ ಜಾಗದಲ್ಲಿ ಬೆರಳುದ್ದ ಆಳದ ಚರಂಡಿ ತೋಡಿಸಿದರು. ಚೆಂಡು ಚರಂಡಿ ದಾಟಿದರೆ ಔಟು. ಬೇರೆ ಊರಿನವರು ನಕ್ಕರು. ಆಮೇಲೆ ಅವರೂ ಹಾಗೇ ತೋಡಿದರು ಅನ್ನಿ.

ಅವರ ಪಾಠ ಎರಡೇ. ಸೀಟಿ ಕೇಳಿಸುವ ತನಕ ಆಡು, ಕೇಳಿಸಿದ ಮೇಲೆ ಮಿಸುಕಬೇಡ. ಎರಡನೆಯದು, ನೆಪ ಹೇಳಬೇಡ. ಗ್ರೌಂಡು ಜಾರಿತು, ಬೂಟು ಕಚ್ಚಿತು, ಕಣ್ಣಿಗೆ ನೀರು ಬಿತ್ತು... ಇಂಥದ್ದೇನಾದರೂ ಬಾಯಿಂದ ಬಂದರೆ ಮುಗಿಯಿತು, ಗ್ರೌಂಡಿಗೆ ಐದು ಸುತ್ತು. ನಾನು ಸುತ್ತಿದಷ್ಟು ಯಾರೂ ಸುತ್ತಿಲ್ಲ. ಬಾಯಿ ಜೋರು ನನ್ನದು, ಆಗಲೂ ಈಗಲೂ.

ಆದರೆ ನನ್ನನ್ನು ಕಂಡರೆ ಅವರಿಗೆ ಪ್ರಾಣ. ಬಲಗಡೆಯಿಂದ ಚೆಂಡು ತಗೊಂಡು ಓಡುವುದು ನನ್ನ ಜಾಗ. ಕಾಲಿಗೆ ಬೂಟಿಲ್ಲ ಅಂತ ತಮ್ಮ ಬೂಟನ್ನೇ ಕೊಟ್ಟರು. ಮುಂದೆ ಹತ್ತಿ ತುರುಕಿ ಹಾಕಿಕೊಳ್ಳುತ್ತಿದ್ದೆ. ಆ ಬೂಟಿನಿಂದ ಬಿಚ್ಚಿದ ಹಳೇ ಲೇಸೇ ಸೀಟಿಯ ದಾರವಾಯಿತು. ಶಾಲೆ ಬಿಟ್ಟ ಮೇಲೂ ನಾನು ಅವರ ತಂಡದಲ್ಲೇ ಆಡುತ್ತಿದ್ದೆ. ನನಗೆ ಹದಿನೆಂಟು ತುಂಬಿದ ವರ್ಷ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ನನ್ನ ಹೆಸರು ಬರೆದು ಕಳಿಸಿದ್ದರು. ಶಿಬಿರಕ್ಕೆ ಹದಿನೈದು ದಿನ ಇರುವಾಗ ಆ ಫೈನಲ್ ಬಂತು.

ವಿಶ್ವಕಪ್ಪೇನೂ ಅಲ್ಲ, ಎಸ್ಟೇಟುಗಳ ತಂಡಗಳೂ ಊರಿನ ತಂಡಗಳೂ ಸೇರಿ ಆಡುವ ಆಗಸ್ಟಿನ ಕಪ್ಪು. ಆದರೆ ನಮಗೆ ಅದೇ ವಿಶ್ವಕಪ್ಪು. ಎದುರು ಇದ್ದದ್ದು ಕಪ್ಪು ಕೊಡಿಸಿದ ಸಾವ್ಕಾರ್ರ ಎಸ್ಟೇಟಿನ ತಂಡ. ಸಾವ್ಕಾರ್ರು ಶಾಮಿಯಾನದ ಕೆಳಗೆ ಕೂತಿದ್ದರು. ರೆಫ್ರಿ ನಮ್ಮ ಮೇಷ್ಟ್ರೇ. ತಾಲ್ಲೂಕಿನಲ್ಲಿ ಬೇರೆ ಯಾರನ್ನೂ ಎರಡೂ ಕಡೆಯವರು ಒಪ್ಪುತ್ತಿರಲಿಲ್ಲ. ಮೇಷ್ಟ್ರು ತಮ್ಮ ಹುಡುಗರಿಗೇ ಮೊದಲು ಫೌಲು ಕೊಡುವವರು ಅಂತ ಎಲ್ಲರಿಗೂ ಗೊತ್ತಿತ್ತು.

ನನ್ನನ್ನು ತಡೆಯಲು ನಿಂತವನು ಆ ಎಸ್ಟೇಟಿನ ಟ್ರ್ಯಾಕ್ಟರ್ ಡ್ರೈವರ್. ಚೆಂಡಿಗಿಂತ ನನ್ನ ಕಾಲಿನ ಮೇಲೇ ಅವನಿಗೆ ಕಣ್ಣು. ಮೊದಲರ್ಧದಲ್ಲಿ ಒಮ್ಮೆ ಕೆಡವಿದ. ಮೇಷ್ಟ್ರು ಸೀಟಿ ಊದಿ ಹಳದಿ ಕಾರ್ಡು ತೋರಿಸಿದರು. ಎರಡನೆಯ ಅರ್ಧಕ್ಕೆ ಮಳೆ ಹೇಗೆ ಹಿಡಿಯಿತು ಅಂದರೆ ಎದುರಿನ ಗೋಲು ಕಂಬವೇ ಕಾಣುತ್ತಿರಲಿಲ್ಲ. ಆಟ ಮುಗಿಯಲು ಐದಾರು ನಿಮಿಷ ಇರಬೇಕು, ಎರಡೂ ಕಡೆ ಗೋಲಿಲ್ಲ. ನನಗೆ ಚೆಂಡು ಸಿಕ್ಕಿತು. ಓಡಿದೆ. ಡ್ರೈವರ್ ಎರಡೂ ಕಾಲು ಮುಂದೆ ಚಾಚಿ ಕೆಸರಲ್ಲಿ ಜಾರಿಕೊಂಡು ಬಂದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಬಿದ್ದಲ್ಲಿಂದ ಮೇಷ್ಟ್ರನ್ನು ನೋಡಿದೆ. ಹತ್ತು ಮಾರು ದೂರದಲ್ಲಿದ್ದರು. ಬಾಯಲ್ಲಿ ಸೀಟಿ, ಕೆನ್ನೆ ಎರಡೂ ಉಬ್ಬಿವೆ. ಸದ್ದಿಲ್ಲ... ಸದ್ದೇ ಇಲ್ಲ. ಚೆಂಡು ಎಸ್ಟೇಟಿನ ಕಡೆಯವನ ಕಾಲಿಗೆ ಸಿಕ್ಕಿತು. ಸೀಟಿ ಇಲ್ಲ ಅಂದಮೇಲೆ ಅವನೇಕೆ ನಿಲ್ಲುತ್ತಾನೆ? ಆ ತುದಿಗೆ ಓಡಿ ಗೋಲು ಹೊಡೆದ.

ನಮ್ಮವರೆಲ್ಲ ಮೇಷ್ಟ್ರನ್ನು ಮುತ್ತಿದರು. “ನಾನು ಊದಿದೆ,” ಅಂದರು. “ಎಲ್ಲಿ ಸಾರ್? ಈಗ ಊದಿ ನೋಡಣ,” ಅಂತ ಯಾರೋ ಕೂಗಿದರು. ಮೇಷ್ಟ್ರು ಸೀಟಿಯನ್ನು ಎರಡು ಸಲ ಜಾಡಿಸಿ ಊದಿದರು. ಕಿರ್ರ್ ಅಂತ ಇಡೀ ಗ್ರೌಂಡಿಗೆ ಕೇಳಿಸಿತು! ಜನ ಹೋ ಅಂತ ನಕ್ಕರು. ಡ್ರೈವರನಿಗೆ ಕೆಂಪು ಕಾರ್ಡು ಕೊಟ್ಟು ಹೊರಗೆ ಕಳಿಸಿದರು. ಆದರೆ ಗೋಲನ್ನು ಗೋಲು ಅಂತಲೇ ಉಳಿಸಿದರು. “ಸೀಟಿ ಕೇಳಿಸ್ಲಿಲ್ಲ ಅಂದ್ಮೇಲೆ ಅವ್ರು ಆಡಿದ್ದು ತಪ್ಪಲ್ಲ. ನಿಮ್ಗೂ ಅದನ್ನೇ ಹೇಳ್ಕೊಟ್ಟಿದ್ದೀನಲ್ಲ,” ಅಂದರಂತೆ. ಅಷ್ಟು ಹೊತ್ತಿಗೆ ನನ್ನನ್ನು ಜೀಪಿಗೆ ಹಾಕಿ ಚಿಕ್ಕಮಗಳೂರಿಗೆ ಹೊರಡಿಸಿದ್ದರು.

ಆಸ್ಪತ್ರೆಗೆ ಮೇಷ್ಟ್ರು ಬಂದರು. ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಕಿತ್ತಳೆ ಸುಲಿದು ಕೈಗಿಟ್ಟರು. ನಾನು ತಿನ್ನಲಿಲ್ಲ. “ಊದಿದ್ದೆ ಕಣೋ,” ಅಂದರು, ಅಷ್ಟೇ. ಮುಖ ಗೋಡೆಗೆ ತಿರುಗಿಸಿದೆ. ಮುಂದಿನ ತಿಂಗಳು ಸಾವ್ಕಾರ್ರು ಶಾಲೆಯ ಗ್ರೌಂಡಿಗೆ ತಂತಿಬೇಲಿ ಹಾಕಿಸಿಕೊಟ್ಟರು. ಹಾಕಿಸಿಕೊಡಿ ಅಂತ ಮೇಷ್ಟ್ರು ನಾಲ್ಕು ವರ್ಷದಿಂದ ಕೇಳುತ್ತಿದ್ದದ್ದು ನನಗೂ ಗೊತ್ತಿತ್ತು. ಆದರೂ ಬೇಲಿಗೆ ನನ್ನ ಕಾಲು ಮಾರಿದರು ಅಂತ ಊರಲ್ಲಿ ಯಾರೋ ಅಂದದ್ದೇ ತಡ, ಮಾತು ನನ್ನ ಮನಸ್ಸಲ್ಲಿ ಕೂತುಬಿಟ್ಟಿತು. ಕಾಲು ಕೂಡಿತು, ಸ್ವಲ್ಪ ಗಿಡ್ಡವಾಗಿ. ಶಿಬಿರ ನಾನಿಲ್ಲದೇ ನಡೆಯಿತು.

ಆಮೇಲೆ ನಾನು ಮಲ್ಲಂದೂರಿನ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ, ಕೆಲಸ ನೋಡಿಕೊಳ್ಳುವ ರೈಟರ್ ಆದೆ. ಮೂಡಿಗೆರೆಗೆ ಹೋದಾಗ ಮೇಷ್ಟ್ರು ಎದುರು ಬಂದರೆ ರಸ್ತೆಯ ಆ ಕಡೆಗೆ ದಾಟುತ್ತಿದ್ದೆ. ಕುಂಟುವ ಕಾಲಲ್ಲಿ ರಸ್ತೆ ದಾಟುವುದು ಅವರಿಗೆ ಕಾಣುತ್ತಿರಲಿಲ್ಲವೇ? ಕಾಣಲಿ ಅಂತಲೇ ದಾಟುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಒಂದೇ ಒಂದು ಸಲ ಎದುರು ಬದುರು ಸಿಕ್ಕಿದೆವು. ವಿಶ್ವಕಪ್ ಫೈನಲ್ಲಿನ ಮಾರನೇ ದಿನ, ಊರಿನ ಯುವಕ ಸಂಘದ ಕೋಣೆಯಲ್ಲಿ. ಪಂದ್ಯದ ಹೊತ್ತಿಗೆ ಕರೆಂಟು ಹೋಗಿತ್ತು, ಅದಕ್ಕೆ ಮಧ್ಯಾಹ್ನ ಮರುಪ್ರಸಾರ ನೋಡಲು ಎಲ್ಲ ಸೇರಿದ್ದರು. ಫುಟ್‌ಬಾಲೋ ಕುಸ್ತಿಯೋ ಅನ್ನುವ ಹಾಗಿತ್ತು ಆ ಆಟ. ಕಿತ್ತಳೆ ಬಣ್ಣದ ಅಂಗಿಯವನೊಬ್ಬ ಕಾಲೆತ್ತಿ ಎದುರಾಳಿಯ ಎದೆಗೇ ಒದ್ದ. ರೆಫ್ರಿ ಬರೀ ಹಳದಿ ಕಾರ್ಡು ತೋರಿಸಿದ. ಕೋಣೆ ತುಂಬ ಬೈಗುಳ. ಕಣ್ಣಿಲ್ವೇನೋ ಅವನಿಗೆ, ದುಡ್ಡು ತಿಂದಿದಾನೆ ಬಿಡು ಅಂತ. ಹಿಂದಿನ ಬೆಂಚಿನಿಂದ ಮೇಷ್ಟ್ರ ದನಿ ಬಂತು. “ಇನ್ನೊಂದ್ಸಲ ತೋರಿಸ್ತಾರೆ, ನೋಡಿ. ರೆಫ್ರಿಗೂ ಚೆಂಡಿಗೂ ನಡುವೆ ಒಬ್ಬನ ಬೆನ್ನು ಅಡ್ಡ ಇದೆ. ಅವನಿಗೆ ಕಂಡಿರಕ್ಕಿಲ್ಲ.”

ನನಗೆ ಎಲ್ಲಿತ್ತೋ ಸಿಟ್ಟು. “ರೆಫ್ರಿಗಳು ರೆಫ್ರಿಗಳ್ನ ಬಿಟ್ಟುಕೊಡಲ್ಲ ಬಿಡಿ,” ಅಂದೆ. ಮೇಷ್ಟ್ರು ನನ್ನನ್ನೇ ನೋಡಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

“ನಾನು ಊದಿದ್ದೆ ಮಾರಾಯ,” ಅಂದರು.

“ಊದಿದ್ರೆ ಕೇಳಿಸ್ಬೇಕಿತ್ತಲ್ವಾ ಸಾರ್?” ಅಂದೆ.

ಅವರು ಕೊಡೆ ತಗೊಂಡು ಎದ್ದು ಹೋದರು. ಆಟ ಇನ್ನೂ ಅರ್ಧ ಇತ್ತು. ಒಂದು ಫೈನಲ್ಲನ್ನು ಅವರು ನಡುವೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದಾಗಿ ನಾಲ್ಕು ವರ್ಷಕ್ಕೆ ತೀರಿಹೋದರು. ಮಣ್ಣಿಗೆ ನಾನು ಹೋಗಲಿಲ್ಲ. ಪಾರ್ಚ್‌ಮೆಂಟ್ ಕಾಫಿಯ ಲೋಡು ಕಳಿಸುವುದಿತ್ತು ಅಂತ ಮನೆಯಲ್ಲಿ ಹೇಳಿದೆ. ನೆಪ... ಮೇಷ್ಟ್ರು ಇದ್ದಿದ್ದರೆ ಐದು ಸುತ್ತು.

ಈಗ ಮಗಳು ಹೇಳಿದ್ದು. ಆ ಆಗಸ್ಟಿನ ಫೈನಲ್ಲಿನ ಮಾರನೇ ದಿನದಿಂದಲೇ ಮೇಷ್ಟ್ರು ಸೀಟಿಯನ್ನು ಬಚ್ಚಲೊಲೆ ಮೇಲೆ ತೂಗುಹಾಕಲು ಶುರುಮಾಡಿದರಂತೆ. ಒದ್ದೆ ಕಂಬಳಿ, ಸೌದೆ, ಹಲಸಿನ ಬೀಜ ಇರುವ ಜಾಗದಲ್ಲಿ ಸೀಟಿಯೂ ಒಂದು. ಪಂದ್ಯಕ್ಕೆ ಹೊರಡುವಾಗ ತೆಗೆದು ಊದಿ ನೋಡುತ್ತಿದ್ದರು. ನಿವೃತ್ತರಾಗಿ ಊದುವ ಪಂದ್ಯವೇ ಇಲ್ಲದಿದ್ದರೂ ಮಳೆಗಾಲ ಬಂದರೆ ಅದು ಒಲೆ ಮೇಲೇ. “ಯಾಕಪ್ಪಾ ಅಂದ್ರೆ, ಸೀಟಿ ಒಳಗಿನ ಬೆಂಡಿನ ಗುಂಡು ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತೆ ಕಣೇ, ಸದ್ದೇ ಬರಲ್ಲ, ಒಂದ್ಸಲ ಕೈಕೊಟ್ಟಿದೆ, ಅಂತಿದ್ರು. ಯಾವಾಗ ಅಂದ್ರೆ ಮಾತು ಬೇರೆ ಕಡೆ ತಿರುಗಿಸೋರು. ಹೋದವರ್ಷ ನಿಮ್ಮ ಕಾಲಿನ ಕಥೆ ಯಾರೋ ಹೇಳಿದ್ರು. ಆಗ ಅರ್ಥ ಆಯ್ತು ಅಣ್ಣ,” ಅಂದಳು.

ನನ್ನ ಕಸುಬು ಏನು? ಕಣದಲ್ಲಿ ಒಣಗುತ್ತಿರುವ ಕಾಫಿ ಬೀಜವನ್ನು ಹಲ್ಲಲ್ಲಿ ಕಚ್ಚಿ, ಇನ್ನೂ ತೇವ ಇದೆ, ಇನ್ನೊಂದು ಬಿಸಿಲು ಬೇಕು ಅಂತ ಹೇಳುವುದು. ಮೂವತ್ತು ವರ್ಷದಿಂದ ಅದೇ ಅನ್ನ. ನಮ್ಮ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಒಲೆ ಪಕ್ಕ ಇಡದಿದ್ದರೆ ಕಡ್ಡಿ ಹತ್ತುವುದಿಲ್ಲ. ಇದೆಲ್ಲ ಗೊತ್ತಿದ್ದ ನನಗೆ ಕಡಲೆಕಾಳಿನಷ್ಟು ಬೆಂಡು ಹೊಳೆಯಲಿಲ್ಲ. ಬಯಲುಸೀಮೆಯ ಮೇಷ್ಟ್ರಿಗೆ ಗೊತ್ತಾಗದ್ದು ಸರಿ, ಇಲ್ಲೇ ಹುಟ್ಟಿದ ನನಗೆ? ಅವರೂ ಹೇಳಬಹುದಿತ್ತು. ಹೇಳಿದರೆ ನೆಪವಾಗುತ್ತಿತ್ತಲ್ಲ.

ಈಗಿನ ಫೈನಲ್ಲುಗಳಲ್ಲಿ ರೆಫ್ರಿ ಗೆರೆಯಾಚೆ ಓಡಿ, ಟಿವಿಯಲ್ಲಿ ಮತ್ತೊಮ್ಮೆ ನೋಡಿ ಬಂದು ತೀರ್ಪು ಬದಲಿಸುತ್ತಾನೆ. ನಮ್ಮ ಗ್ರೌಂಡಿನಲ್ಲೂ ಅಂಥದ್ದೊಂದು ಇದ್ದಿದ್ದರೆ ಅಂತ ಮೊದಲೆಲ್ಲ ಅಂದುಕೊಳ್ಳುತ್ತಿದ್ದೆ. ಇದ್ದಿದ್ದರೂ ಅದು ತೋರಿಸುತ್ತಿದ್ದದ್ದು ಆ ಉಬ್ಬಿದ ಕೆನ್ನೆಗಳನ್ನೇ. ಅದನ್ನು ನಾನು ನೋಡಿಯೇ ಇದ್ದೆ.

ಮೊನ್ನೆ ಸೀಟಿಯನ್ನು ತೊಳೆದು ಕೊರಳಿಗೆ ಹಾಕಿಕೊಂಡು ತೋಟಕ್ಕೆ ಹೋದೆ. ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಕೆಲಸ ನಡೆದಿತ್ತು, ಬೆಳಗಿನಿಂದ ಬಿಡದ ಮಳೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಹಳಬಳು, ಬಾಯಲ್ಲಿ ನನಗೇ ಗುರು, ನೋಡಿದ್ದೇ “ಏನ್ ರೈಟ್ರೇ, ಪೊಲೀಸ್ ಕೆಲಸ ಸಿಕ್ತಾ?” ಅಂದಳು. ಉಳಿದವರು ಕಿಸಕ್ಕನೆ ನಕ್ಕರು. “ಸಂಜೆ ಇದನ್ನ ಊದಿದ್ರೆ ಕೆಲ್ಸ ಬಿಡಿ,” ಅಂದೆ. ಸಂಜೆ ತನಕ ಸೀಟಿಯನ್ನು ಅಂಗಿಯೊಳಗೆ ಹಾಕದೆ ಮಳೆಗೆ ಬಿಟ್ಟೆ.

ಕೆಲಸ ಬಿಡುವ ಹೊತ್ತಿಗೆ ಸೀಟಿ ಬಾಯಿಗಿಟ್ಟು ಇದ್ದ ಉಸಿರೆಲ್ಲ ಹಾಕಿ ಊದಿದೆ. ಕೆನ್ನೆ ಉಬ್ಬಿ ನೋವಾಯಿತು. ಉಸಿರು ಹೋಯಿತು, ಸದ್ದು ಬರಲಿಲ್ಲ. ಬಾಯಲ್ಲಿ ಹೊಗೆಯ ರುಚಿ ಮಾತ್ರ... ಕಣ್ಣಲ್ಲಿ ನೀರು ಬಂತು, ಮಳೆಯಾದ್ದರಿಂದ ಯಾರಿಗೂ ಕಾಣಲಿಲ್ಲ. ಮೇಷ್ಟ್ರ ಕಾಲು ಹಿಡಿದು ತಪ್ಪಾಯಿತು ಸಾರ್ ಅನ್ನಬೇಕು ಅನ್ನಿಸಿತು. ಯಾರ ಕಾಲು ಹಿಡಿಯಲಿ?

ಹೆಂಗಸರು ಇನ್ನೂ ಬಗ್ಗಿ ಚಿಗುರು ಮುರಿಯುತ್ತಲೇ ಇದ್ದರು. “ಹೊರಡ್ರೇ, ಊದಿದ್ನಲ್ಲ,” ಅಂದೆ.

ಹಳಬಳು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ನೋಡಿದಳು. “ಊದಿದ್ರೆ ಕೇಳಿಸ್ಬೇಕಿತ್ತಲ್ವಾ ರೈಟ್ರೇ?”

“ಊದಿದ್ದೆ ಮಾರಾಯ್ತಿ,” ಅಂದೆ.

ಅವಳು ನಂಬಲಿಲ್ಲ.