ಬ್ರೇಕ್‌ಗೆ ಮುಂಚಿನ ಮಾತು

ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಪ್ರಶ್ನೆ ಕೇಳಿದ್ದಳು: "ನೀವು ಮಾಡೋ ಈ ಚಿತ್ರಗಳನ್ನ ಯಾರು ನೋಡ್ತಾರೆ?" ಮೂವತ್ತು ವರ್ಷ ಕಳೆದರೂ ಕತ್ತರಿ ಅದಕ್ಕೆ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ಕತ್ತರಿ ಅನ್ನುವುದು ಅವನ ಅಡ್ಡಹೆಸರು. ಅವನು ಸಾಕ್ಷ್ಯಚಿತ್ರಗಳ ಸಂಕಲನಕಾರ. ಬೇರೆಯವರು ವರ್ಷಗಟ್ಟಲೆ ಚಿತ್ರಿಸಿ ತಂದು ಸುರಿದ ರಾಶಿಯಿಂದ ಒಂದೂವರೆ ಗಂಟೆಯ ಚಿತ್ರವನ್ನು ಹೆಕ್ಕಿ ಜೋಡಿಸುವುದು ಅವನ ಕಸುಬು. ಹಾಡಿಲ್ಲ, ಹೊಡೆದಾಟವಿಲ್ಲ, ನಾಯಕನಂತೂ ಇಲ್ಲವೇ ಇಲ್ಲ. ಚಿತ್ರೋತ್ಸವದ ಬೆಳಗಿನ ಪ್ರದರ್ಶನಕ್ಕೆ ನಲವತ್ತು ಜನ ಬಂದರೆ ಅದೇ ದೊಡ್ಡದು. ಟಿವಿಯಲ್ಲಿ ಬಂದರೆ, ಕೊನೆಯಲ್ಲಿ ಹೆಸರುಗಳು ಏರುವ ಹೊತ್ತಿಗೆ ವಾಹಿನಿಯವರು ಮುಂದಿನ ಕಾರ್ಯಕ್ರಮದ ಜಾಹೀರಾತು ತುರುಕುತ್ತಾರೆ. ಅವನ ಹೆಸರು ಬೆರಳಗಲಕ್ಕೆ ಕುಗ್ಗಿ ಓಡಿಹೋಗುತ್ತದೆ. ಎಲೆಮರೆಯ ಕಾಯಿ ಎಂದು ಗೆಳೆಯರು ಹೊಗಳುತ್ತಾರೆ. "ಕಾಯಿ ಹಣ್ಣಾಗೋದು ಯಾವಾಗ?" ಎಂದು ಹೆಂಡತಿ ಕೇಳುತ್ತಾಳೆ.

ಅವನ ಕೋಣೆ ಒಬ್ಬ ಹಲ್ಲಿನ ಡಾಕ್ಟರ ದವಾಖಾನೆಯ ಮೇಲಿತ್ತು. ಕಿಟಕಿಗೆ ದಪ್ಪ ಪರದೆ, ಮೇಜಿನ ಮೇಲೆ ಎರಡು ಕಂಪ್ಯೂಟರ್ ಪರದೆ, ಕೂತು ಕೂತು ಹರಿದು ಟೇಪು ಸುತ್ತಿಸಿಕೊಂಡ ಕುರ್ಚಿ, ಹಿಂದೆ ನಿರ್ದೇಶಕರು ಬಂದು ನಿಟ್ಟುಸಿರು ಬಿಡಲು ಒಂದು ಸೋಫಾ. ಕೆಳಗೆ ಹಲ್ಲು ಕೊರೆಯುವ ಯಂತ್ರ ಶುರುವಾದರೆ ಅವನು ಕೆಲಸ ನಿಲ್ಲಿಸುತ್ತಿದ್ದ. ಏಕೆಂದರೆ ಅವನು ಸಂಕಲನ ಮಾಡುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಮನುಷ್ಯ ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲಿ ಮಾತು ತಾನಾಗಿ ಇಳಿಯುತ್ತದೆ ಎಂದು ಹಿಡಿದು ಅಲ್ಲೇ ಕತ್ತರಿಸುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಜಂಬವಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆ ನನ್ನ ಕೋಣೆಯಲ್ಲಿ ನಡೆಯಲ್ಲ, ಇಲ್ಲಿ ಆಡಿದ ಮಾತನ್ನೂ ವಾಪಸ್ ತಗೋಬಹುದು ಎಂದು ಹೊಸ ನಿರ್ದೇಶಕರಿಗೆ ಹೇಳಿ ನಗುತ್ತಿದ್ದ. ಇಂಥ ಮಾತು ಆಡುವವರಿಗೆ ಒಂದಲ್ಲ ಒಂದು ದಿನ ಅದರ ಲೆಕ್ಕ ಚುಕ್ತಾ ಆಗಿಯೇ ಆಗುತ್ತದೆ.

ಆ ವರ್ಷ ಒಬ್ಬ ಹುಡುಗಿ, ಮೊದಲ ಚಿತ್ರದ ನಿರ್ದೇಶಕಿ, ಮುಚ್ಚಿಹೋದ ಒಂದು ಗಾಜಿನ ಬಾಟಲಿ ಕಾರ್ಖಾನೆಯ ಕಥೆ ಹೊತ್ತು ತಂದಳು. ಎರಡು ವರ್ಷ ಅಲ್ಲಿನ ಹಳೆಯ ಕೆಲಸಗಾರರ ಹಿಂದೆ ತಿರುಗಿದ್ದಳು. ಕುಲುಮೆಯವನು, ಕಾವಲುಗಾರ, ಹೀಗೆ ಐದಾರು ಮಂದಿ ಮಾತಾಡಿದ್ದರು. ಅವರಲ್ಲೆಲ್ಲ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಹಾಗಿದ್ದವಳು ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಹೆಂಗಸು. ಅರವತ್ತಾರು ವಯಸ್ಸು, ಗಂಡ ಹೋಗಿ ಒಂಬತ್ತು ವರ್ಷ. ಬಾಟಲಿಯನ್ನು ಬೆರಳಿನಿಂದ ತಟ್ಟಿ ಸದ್ದಿನಲ್ಲೇ ಬಿರುಕು ಪತ್ತೆಹಚ್ಚುತ್ತಿದ್ದೆವು ಎಂದು ಆಕೆ ತೋರಿಸುವ ದೃಶ್ಯ ನೋಡಿದಾಗ ಕತ್ತರಿಗೆ ತನ್ನದೇ ಕಸುಬಿನವಳು ಸಿಕ್ಕಂತಾಯಿತು.

ಆಕೆಯ ಮಗಳ ವಿಷಯವೂ ಆ ಮಾತುಕತೆಯಲ್ಲಿ ಬಂದಿತ್ತು. ಮಗಳು ಓದಿನಲ್ಲಿ ಚುರುಕು, ಎಂಟನೇ ತರಗತಿಯಲ್ಲಿದ್ದಳು. ಪ್ಯಾಕಿಂಗ್ ಮೇಜಿನಲ್ಲಿ ಒಂದು ಜಾಗ ಖಾಲಿಯಾಯಿತು. ಒಂದು ಬೆಳಿಗ್ಗೆ ಅಪ್ಪ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಮುಂದೆ ಸಹಿ ಹಾಕಿ, ಆ ಕೆಲಸಕ್ಕೆಂದು ಮಗಳನ್ನು ಶಾಲೆ ಬಿಡಿಸಿ ಕರೆದುಕೊಂಡು ಬಂದ. ಅವತ್ತಿನಿಂದ ಆ ಹುಡುಗಿ ಅಪ್ಪನ ಜೊತೆ ಬಾಯಿತುಂಬ ಮಾತಾಡಲಿಲ್ಲ. ಅವನು ಹಾಸಿಗೆ ಹಿಡಿದಾಗ ಔಷಧಿ ಕೊಟ್ಟಳು, ಮೈ ಒರೆಸಿದಳು, ಒಂದು ಒಳ್ಳೆಯ ಮಾತು ಮಾತ್ರ ಆಡಲಿಲ್ಲ. ಇಷ್ಟು ಹೇಳಿ ಆಕೆ ಸ್ವಲ್ಪ ಸುಮ್ಮನಿದ್ದಳು. ಆಮೇಲೆ, ಯಾರೂ ಕೇಳದೆ, ಕ್ಯಾಮೆರಾದ ಕಡೆ ನೋಡದೆ ಅಂದಳು: "ಸ್ಕೂಲು ಬಿಡಿಸಿದ್ದು ಅವರಲ್ಲ, ನಾನು. ಅವರು ಬೇಡ ಬೇಡ ಅಂತ ಎರಡು ದಿನ ಊಟಾನೇ ಮುಟ್ಟಲಿಲ್ಲ."

ನಿರ್ದೇಶಕಿ ಆ ಮಾತನ್ನು ಚಿತ್ರದ ನಟ್ಟನಡುವೆ ಇಟ್ಟಳು. ಇಡೀ ಚಿತ್ರ ಅದರ ಮೇಲೆಯೇ ನಿಂತಿದೆ ಎಂದು ಕತ್ತರಿಯೂ ಅಂದಿದ್ದ.

ಹದಿನೈದು ದಿನ ಬಿಟ್ಟು ಆ ಹೆಂಗಸೇ ಕೋಣೆಗೆ ಬಂದಳು. ನಿದ್ದೆಯಿಲ್ಲದೆ ನಿರ್ದೇಶಕಿಗೆ ಫೋನು ಮಾಡಿದ್ದಳಂತೆ. ಆ ಮಾತು ಬೇಡ ಅಂದಿದ್ದಳಂತೆ. ನಿರ್ದೇಶಕಿ ಅತ್ತು ಕರೆದು ಕೊನೆಗೆ ಒಪ್ಪಿದ್ದಳು. ಆದರೆ ಆಕೆಗೆ ಕಣ್ಣಾರೆ ನೋಡಬೇಕಿತ್ತು. ಮಹಡಿ ಹತ್ತಿ ಏದುಸಿರು ಬಿಡುತ್ತ ಸೋಫಾದ ತುದಿಯಲ್ಲಿ ಕೂತಳು.

"ನೀನೇನಾ ತೆಗೆಯೋನು?"

"ನಾನೇ ಅಕ್ಕ."

"ತೆಗೆದುಬಿಡಪ್ಪಾ. ಬಾಯಿತಪ್ಪಿ ಬಂತು. ಅವರು ಅದನ್ನ ಹೊಟ್ಟೆಯಲ್ಲಿಟ್ಕೊಂಡೇ ಹೋದ್ರು. ಮಗಳು ಎದುರಿಗೇ ಬೈದ್ರೂ, ನಿಮ್ಮಮ್ಮನೇ ಹೇಳಿದ್ದು ಅಂತ ಒಂದಿನ ಅನ್ನಲಿಲ್ಲ. ಈಗ ಅವಳಿಗೆ ನಾನೊಬ್ಬಳು, ನನಗೆ ಅವಳೊಬ್ಬಳು. ಇದು ಅವಳ ಕಿವಿಗೆ ಬಿದ್ರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಅನ್ನೋ ಹಾಗಾಗುತ್ತೆ."

ಅವನು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಉದ್ದನೆಯ ನೀಲಿ ಪಟ್ಟಿಯಲ್ಲಿ ಒಂದು ಗೇಣು ಮಾಯವಾಯಿತು.

"ಇಷ್ಟೇನಾ?"

"ಇಷ್ಟೇ."

ಆಕೆಗೆ ನಂಬಿಕೆ ಬರಲಿಲ್ಲ. ಮೂರು ಸಲ ಹಾಕಿಸಿಕೊಂಡು ನೋಡಿದಳು. ಪರದೆಯ ಮೇಲಿನ ತಾನು ಸುಮ್ಮನಾಗುವುದನ್ನೂ, ಹಿಂದೆಯೇ ಖಾಲಿ ಕಾರ್ಖಾನೆಯ ಬಿಸಿಲು ಬರುವುದನ್ನೂ ಕಂಡು ಮೂರನೆಯ ಸಲಕ್ಕೆ ಉಸಿರು ಬಿಟ್ಟಳು. "ನಾನು ಇಷ್ಟು ದಪ್ಪ ಇದೀನಾ? ಅದನ್ನೂ ಸ್ವಲ್ಪ ತೆಗೆಯೋಕಾಗುತ್ತಾ?" ಎಂದು ನಕ್ಕಳು. ಹೊರಡುವಾಗ ಮಾತ್ರ ಅವನ ಕೈ ಹಿಡಿದುಕೊಂಡಳು.

"ಮಾತು ಕೊಡ್ತೀನಿ ಅಕ್ಕ," ಅಂದ ಅವನು. "ನನ್ನ ಕೈಯಿಂದ ಅದು ಆಚೆ ಹೋಗಲ್ಲ."

ಚಿತ್ರೋತ್ಸವಕ್ಕೆ ತಾಯಿ ಮಗಳು ಇಬ್ಬರೂ ಬಂದರು. ಮಗಳಿಗೆ ಈಗ ನಲವತ್ತನಾಲ್ಕು. ಆಸ್ಪತ್ರೆಯೊಂದರಲ್ಲಿ ಆಯಾ, ತಾಯಿಯ ಮನೆಯ ಹಿಂದಿನ ಬೀದಿಯಲ್ಲೇ ವಾಸ. ಕತ್ತಲಲ್ಲಿ ಕತ್ತರಿ ಚಿತ್ರ ನೋಡಲಿಲ್ಲ, ಅವರಿಬ್ಬರನ್ನು ನೋಡುತ್ತ ಕೂತ. ಆ ಜಾಗ ಬಂತು. ಆಕೆ ಪರದೆಯ ಮೇಲೆ ಸುಮ್ಮನಾದಳು, ಬಿಸಿಲು ಬಂತು, ಹೋಯಿತು. ಕುರ್ಚಿಯಲ್ಲಿದ್ದ ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಚಿತ್ರ ಮುಗಿದ ಮೇಲೆ ಮಗಳು ಅವನ ಹತ್ತಿರ ಬಂದು, "ನಮ್ಮಮ್ಮ ಇಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ ಸಾರ್," ಅಂದಳು. ತೀರ್ಪುಗಾರರು ಚಿತ್ರಕ್ಕೆ ಏನನ್ನೂ ಕೊಡಲಿಲ್ಲ. ಕತ್ತರಿಗೆ ಅದರ ಕೊರಗೂ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದ, ಅವತ್ತು ಅವನಿಗೆ ಅಷ್ಟೇ ಸಾಕಾಗಿತ್ತು.

ಎಂಟು ತಿಂಗಳ ಮೇಲೆ ಒಂದು ಟಿವಿ ವಾಹಿನಿ ಚಿತ್ರವನ್ನು ಕೇಳಿತು. ಐವತ್ತೆರಡು ನಿಮಿಷಕ್ಕೆ ಇಳಿಸಬೇಕು, ನಡುವೆ ಎರಡು ಬ್ರೇಕ್, ನಾಲ್ಕು ದಿನದಲ್ಲಿ ಕೈಗೆ ಬರಬೇಕು. ವಾಹಿನಿಯವನು ಫೋನಿನಲ್ಲಿ, "ಬ್ರೇಕ್‌ಗೆ ಮುಂಚೆ ಏನಾದ್ರೂ ಗಟ್ಟಿಯಾದ್ದು ಇಡಿ ಸಾರ್, ಜನ ಎದ್ದು ಹೋಗಬಾರದು," ಅಂದ. ನಿರ್ದೇಶಕಿ ಆಗಲೇ ಎಲ್ಲೋ ದೂರದಲ್ಲಿ ಮುಂದಿನ ಚಿತ್ರದ ಕೆಲಸದಲ್ಲಿದ್ದಳು. "ನಾನು ನೋಡೋದೇನಿದೆ ಸಾರ್, ನಿಮ್ಮ ಕೈ ಅಂದ್ಮೇಲೆ ಮುಗೀತು, ಕಳಿಸಿಬಿಡಿ," ಅಂದಳು.

ಇಲ್ಲಿ ಕತ್ತರಿಯ ಒಂದು ಹಳೆಯ ಹಟ ಹೇಳಬೇಕು. ಬೇರೆ ಸಂಕಲನಕಾರರು ಟಿವಿಗೆ ಇಳಿಸುವಾಗ ಮುಗಿದ ಚಿತ್ರವನ್ನೇ ಅಲ್ಲಲ್ಲಿ ಕತ್ತರಿಸಿ ಕೊಡುತ್ತಾರೆ. ಅರ್ಧ ದಿನದ ಕೆಲಸ. ಇವನು ಹಾಗೆ ಮಾಡುವವನಲ್ಲ. ಮುಗಿದದ್ದನ್ನು ಕೊಯ್ದರೆ ಗಾಯ ಕಾಣುತ್ತದೆ, ಮೊದಲು ಜೋಡಿಸಿದ ಉದ್ದನೆಯ ಪ್ರತಿಗೆ ವಾಪಸ್ ಹೋಗಿ ಚಿಕ್ಕದನ್ನು ಹೊಸದಾಗಿ ಕಟ್ಟಬೇಕು ಎನ್ನುವುದು ಅವನ ನಿಯಮ. ಆ ನಿಯಮದಿಂದಲೇ ಅವನಿಗೆ ಹೆಸರು ಬಂದಿತ್ತು. ಹಾಗೇ ಮಾಡಿದ. ಮೂರು ಗಂಟೆಯ ಹಳೆಯ ಜೋಡಣೆ ತೆರೆದು, ಕಣ್ಣು ಅರೆಮುಚ್ಚಿ ಕೇಳುತ್ತ ಕೂತ. ನಡುವೆ ಎರಡು ಬೇರೆ ಚಿತ್ರಗಳು ಆ ಕಿವಿಯೊಳಗೆ ಹೋಗಿ ಬಂದಿದ್ದವು. ಒಂದು ಮಾತನ್ನು ಇನ್ನೂರು ಸಲ ಕೇಳಿದ ಕಿವಿಗೆ ಅದರ ಅರ್ಥ ಉಳಿಯುವುದಿಲ್ಲ, ಏರಿಳಿತ ಮಾತ್ರ ಉಳಿಯುತ್ತದೆ. ಮೊದಲ ಬ್ರೇಕ್‌ಗೆ ಏನಿಡಲಿ ಎಂದು ಹುಡುಕುತ್ತಿದ್ದಾಗ ಒಂದು ಮಾತು ತಾನಾಗಿ ಬಂದು ಕೂತಿತು. ಮುಂಚೆ ಸ್ವಲ್ಪ ಮೌನ, ಆಮೇಲೆ ತಗ್ಗಿದ ದನಿ, ಕೊನೆಯಲ್ಲಿ ಒಂದು ನಿಲುಗಡೆ. ಅವನ ಕೈ ಅಲ್ಲಿ ಗುರುತು ಹಾಕಿತು. ಇಂಥ ಜಾಗ ಸಿಕ್ಕಾಗ ಆಗುವ ಖುಷಿಯೂ ಆಯಿತು, ಎದ್ದು ಒಂದು ಚಹಾ ಕುಡಿದು ಬಂದ. ಆ ಖುಷಿಯನ್ನು ನೆನೆದರೆ ಅವನಿಗೆ ಈಗಲೂ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರಸಾರ. ಹೆಂಡತಿ ತರಕಾರಿ ಹೆಚ್ಚುತ್ತ ಎದುರಿಗೆ ಕೂತಿದ್ದಳು. ಅವನ ಚಿತ್ರಗಳನ್ನು ಅವಳು ಯಾವಾಗಲೂ ಒಂದು ಕೈ ಕೆಲಸದಲ್ಲಿಟ್ಟುಕೊಂಡೇ ನೋಡುವುದು. ಹದಿನೆಂಟು ನಿಮಿಷವಾಗಿರಬೇಕು, ಅವಳ ಕೈ ನಿಂತಿತು.

"ಅಯ್ಯೋ," ಅಂದಳು. "ಇದು ಆ ಮಗಳಿಗೆ ಗೊತ್ತಿತ್ತಾ?"

ಟಿವಿಯಲ್ಲಿ ಸೋಪಿನ ಜಾಹೀರಾತು ಶುರುವಾಗಿತ್ತು. ಆಗ ಕತ್ತರಿಗೆ ಅರ್ಥ ಕೇಳಿಸಿತು. ಸದ್ದಲ್ಲ, ಅರ್ಥ. ಹೆಂಡತಿ ಏನಾಯ್ತು ಏನಾಯ್ತು ಅನ್ನುತ್ತಿದ್ದರೆ ಅವನು ಫೋನು ಹುಡುಕಿದ. ಆ ತಾಯಿಗೆ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಐದನೆಯ ಸಲಕ್ಕೆ ಫೋನೇ ಬಂದ್ ಆಗಿತ್ತು. ಹೆಂಡತಿಗೆ ನಿಂತಲ್ಲೇ ನಾಲ್ಕು ಮಾತಿನಲ್ಲಿ ಹೇಳಿದ. ಅವಳು ಬೈಯಲಿಲ್ಲ. ಗೋಡೆಯ ಮೊಳೆಯಿಂದ ಅಂಗಿ ತೆಗೆದುಕೊಟ್ಟು, "ಮೊದಲು ಹೋಗಿ ಬನ್ನಿ," ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ ದಾಟಿತ್ತು. ಕಾರ್ಖಾನೆಯವರು ಹಿಂದೆ ಕಟ್ಟಿಸಿದ್ದ ಸಾಲುಮನೆಗಳಲ್ಲಿ ಆಕೆಯದು ಕೊನೆಯದು. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಎರಡು ತಟ್ಟೆ, ಎರಡಕ್ಕೂ ಬಡಿಸಿ ಮುಚ್ಚಿಟ್ಟಿತ್ತು. ಟಿವಿ ಮುಂದೆ ಎರಡು ಕುರ್ಚಿ. ಒಂದರಲ್ಲಿ ಆಕೆ ಕೂತಿದ್ದಳು. ಟಿವಿ ಆರಿಸಿತ್ತು.

ಅವನು ಹೊಸ್ತಿಲಲ್ಲೇ ನಿಂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಅಕ್ಕ, ತಪ್ಪಾಯ್ತು," ಅಂದ. "ಬೇಕಂತ ಮಾಡಲಿಲ್ಲ. ಹಳೇ ಪ್ರತಿಯಿಂದ ಕಟ್ಟಿದೆ, ಅದರಲ್ಲಿ ಆ ಮಾತು ಹಾಗೇ ಉಳಿದಿತ್ತು. ಮರೆತೇಹೋಗಿತ್ತು."

"ಮರೆತೆ," ಅಂದಳು ಆಕೆ. ಕೇಳಿದಂತೆಯೂ ಇರಲಿಲ್ಲ, ಆಡಿಕೊಂಡಂತೆಯೂ ಇರಲಿಲ್ಲ. "ಬಾ, ಕೂತ್ಕೋ."

ಖಾಲಿ ಕುರ್ಚಿಯಲ್ಲಿ ಕೂರಲು ಅವನಿಗೆ ಮನಸ್ಸಾಗಲಿಲ್ಲ. ನಿಂತೇ ಇದ್ದ.

"ನಾನೇ ಅವಳನ್ನ ಕರೆದಿದ್ದೆ," ಅಂದಳು. "ರಜಾ ಹಾಕಿ ಬಾ, ಜೊತೆಗೆ ನೋಡೋಣ ಅಂದೆ. ಚಿತ್ರೋತ್ಸವದಲ್ಲಿ ನೋಡಿದ್ನಲ್ಲ, ಧೈರ್ಯ ಇತ್ತು. ಆ ಮಾತು ಬಂತು. ಬಂದ ತಕ್ಷಣ ಜಾಹೀರಾತು ಹಾಕಿದ್ರು."

"ಏನಂದ್ರು ನಿಮ್ಮ ಮಗಳು?"

"ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಸೋಪಿಂದು, ಬಣ್ಣದ್ದು, ಇನ್ನೂ ಏನೇನೋ ಬಂತು, ಎಲ್ಲಾ ನೋಡಿದ್ಲು. ನಾಲ್ಕು ನಿಮಿಷ ಅಂತ ಮೂಲೆಯಲ್ಲಿ ಅಂಕಿ ಓಡ್ತಿತ್ತು. ಬ್ರೇಕ್ ಆದ್ಮೇಲೆ ಟಿವಿಯಲ್ಲಿ ಮುಂದೆ ನಾನೇನೋ ಹೇಳ್ತೀನಿ, ಯಾಕೆ ಬಿಡಿಸಿದೆ ಅಂತ ಹೇಳ್ತೀನಿ ಅಂತ ಕಾಯ್ತಾ ಇದ್ಲು. ಮುಗೀತು. ಬಂದಿದ್ದು ಕುಲುಮೆಯವನು, ಬೂದಿ ಬಗ್ಗೆ ಮಾತಾಡಿಕೊಂಡು. ಅದನ್ನೂ ಒಂದು ಗಳಿಗೆ ನೋಡಿದ್ಲು. ಎದ್ದು ಚಪ್ಪಲಿ ಹಾಕ್ಕೊಂಡು ಹೋದ್ಲು. ಊಟ ಮಾಡ್ಕೊಂಡು ಹೋಗು ಅಂದೆ."

ಕತ್ತರಿ ತಲೆ ತಗ್ಗಿಸಿದ. ಬ್ರೇಕ್ ಆದ ಮೇಲೆ ಕುಲುಮೆಯವನನ್ನು ಇಟ್ಟವನೂ ಅವನೇ. ನೋಡುವವರಿಗೆ ಸ್ವಲ್ಪ ಹಗುರಾಗಲಿ ಎಂದು ಇಟ್ಟಿದ್ದ.

ಬಾಯಿ ಕಟ್ಟಿಕೊಂಡಿದ್ದರೆ ಒಳ್ಳೆಯದಿತ್ತು. ಅವನಿಗೆ ತಡೆಯಲಾಗಲಿಲ್ಲ. "ಅಕ್ಕ, ಆ ನಾಲ್ಕು ನಿಮಿಷ ಪಕ್ಕದಲ್ಲೇ ಕೂತಿದ್ರಲ್ಲ. ನೀವೇ ಏನಾದ್ರೂ ಹೇಳಬಹುದಿತ್ತಲ್ಲ?"

ಆಕೆ ಆರಿದ ಟಿವಿಯ ಕಡೆ ತಿರುಗಿದಳು.

"ನಾನೂ ಕಾಯ್ತಾ ಇದ್ದೆ ಕಣಪ್ಪಾ," ಅಂದಳು. "ಮುಂದೆ ನಾನು ಏನು ಹೇಳ್ತೀನೋ ಅಂತ."